ಈಟಿ ಬಿಡಿ, ಎಡಗಾಲು ನೋಡಿ: ಹೆಣ್ಣುಮಕ್ಕಳ ಜಾವೆಲಿನ್ ಫೈನಲ್ ನೋಡುವ ಬಗೆ

2023ರ ಆಗಸ್ಟ್ 25, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ಪೂಜೆ, ಒಬ್ಬಟ್ಟು, ಅರಿಸಿನ ಕುಂಕುಮಕ್ಕೆ ಬಂದವರು ಎಲ್ಲ ಮುಗಿದು ಮನೆಯವರು ಮಲಗಿದ ಮೇಲೆ, ಕಲಶದ ಮುಂದಿನ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿ ನಾನು ಫೋನ್ ಹಿಡಿದು ಕೂತೆ. ಬುಡಾಪೆಸ್ಟ್‌ನ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಹೆಣ್ಣುಮಕ್ಕಳ ಜಾವೆಲಿನ್ ಫೈನಲ್. ಅಲ್ಲಿ ಸಂಜೆ, ಇಲ್ಲಿ ನಡುರಾತ್ರಿ.

ಅಷ್ಟರಲ್ಲಿ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮೆಸೇಜ್ ಬಂತು. ‘ಟೀಚರ್, ನಾನೂ ನೋಡ್ತಿದೀನಿ. ಓಡಿ ಬರ್ತಾರೆ, ಎಸೀತಾರೆ, ಬೀಳತ್ತೆ. ಇದರಲ್ಲಿ ಏನು ನೋಡ್ಬೇಕು?’

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿ ನಾನೂ ಜಾವೆಲಿನ್ ಎಸೆದವಳು. ಅವತ್ತು ರಾತ್ರಿ ಅವಳಿಗೆ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನೋಡುವ ಮೊದಲು ದೂರ ಅನ್ನುವುದು ಕಣ್ಣಿಗೆ ಗೊತ್ತಿರಬೇಕು. ಟಿವಿಯಲ್ಲಿ 65 ಮೀಟರ್ ಅಂದರೆ ಬರೀ ಅಂಕಿ. ಕ್ರಿಕೆಟ್ ಪಿಚ್ ಮೂರನ್ನು ಸಾಲಾಗಿ ಜೋಡಿಸಿದರೂ ಇನ್ನೂ ನಾಲ್ಕೂವರೆ ಮೀಟರ್ ಉಳಿಯುತ್ತದೆ. ನಮ್ಮ ಶಾಲೆಯ ಮೈದಾನದ ಈ ತುದಿಯಿಂದ ಎಸೆದರೆ ಕಾಂಪೌಂಡ್ ದಾಟಿ ಆಚೆಯ ಹುಣಸೆಮರದ ಬುಡಕ್ಕೆ ಹೋಗಿ ಬೀಳುತ್ತದೆ. ಮಕ್ಕಳನ್ನು ಅಲ್ಲಿಯವರೆಗೆ ನಡೆಸಿ ಕರೆದುಕೊಂಡು ಹೋಗಿದ್ದೆ. ತಿರುಗಿ ನೋಡಿದಾಗ ಅವರ ಬಾಯಿಂದ ಮಾತೇ ಬರಲಿಲ್ಲ. ನೀವೂ ಒಂದು ಸಲ 65 ಮೀಟರ್ ಅಳೆದು ನಡೆದು ಬನ್ನಿ.

ಹೆಂಗಸರ ಜಾವೆಲಿನ್ ತೂಕ 600 ಗ್ರಾಂ. ಅರ್ಧ ಲೀಟರ್ ನೀರಿನ ಬಾಟಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉದ್ದ 2.20ರಿಂದ 2.30 ಮೀಟರ್. ಗಂಡಸರದು 800 ಗ್ರಾಂ, ಉದ್ದವೂ ಜಾಸ್ತಿ, ಅದಕ್ಕೆ ಇದಕ್ಕೆ ಹೋಲಿಕೆ ಮಾಡುತ್ತಾ ಕೂರಬೇಡಿ. ವಿಶ್ವ ದಾಖಲೆ ಜೆಕ್ ದೇಶದ ಬಾರ್ಬೊರಾ ಸ್ಪೊಟಾಕೊವಾ ಹೆಸರಲ್ಲಿದೆ, 72.28 ಮೀಟರ್. 2008ರಲ್ಲಿ ಎಸೆದದ್ದು, ಇನ್ನೂ ಯಾರೂ ಮುರಿದಿಲ್ಲ. ಹಳೇ ಪಟ್ಟಿಗಳಲ್ಲಿ 80 ಮೀಟರ್ ಅಂತ ಕಂಡರೆ ಗಾಬರಿಯಾಗಬೇಡಿ. ಅದು ಹಳೇ ಮಾದರಿಯ ಜಾವೆಲಿನ್. 1999ರಲ್ಲಿ ಅದರ ತೂಕದ ನಡುಬಿಂದುವನ್ನು ಮುಂದಕ್ಕೆ ತಂದರು. ಹಾಗಾಗಿ ಈಗ ಮೂತಿ ಬೇಗ ಕೆಳಗೆ ಬಾಗುತ್ತದೆ, ದೂರವೂ ಕಮ್ಮಿಯಾಯಿತು. ಈಚಿನ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಚಿನ್ನ ಬಂದ ದೂರ ನೋಡಿ: 2022ರಲ್ಲಿ 66.91, 2023ರಲ್ಲಿ 66.73, 2025ರಲ್ಲಿ 65.12. ಅಂದರೆ 65 ದಾಟಿದ ಎಸೆತ ಬಂತು ಅಂದರೆ ಬೆನ್ನು ನೆಟ್ಟಗೆ ಮಾಡಿ ಕೂರಿ.

ಫೈನಲ್ ಮಾತ್ರ ನೋಡ್ತೀನಿ ಅನ್ನಬೇಡಿ. ಅರ್ಹತಾ ಸುತ್ತನ್ನೂ ನೋಡಿ. ಅಲ್ಲಿ ಸಿಗುವುದು ಬರೀ ಮೂರು ಎಸೆತ. ಗೊತ್ತುಮಾಡಿದ ದೂರ ಮುಟ್ಟಬೇಕು, ಇಲ್ಲವಾದರೆ ಮೊದಲ 12ರೊಳಗೆ ಬರಬೇಕು. 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಮ್ಮ ಅನ್ನು ರಾಣಿಯ ಮೊದಲ ಎಸೆತ ಫೌಲ್. ಎರಡನೆಯದು 55 ಮೀಟರ್ ಚಿಲ್ಲರೆ. ಉಳಿದದ್ದು ಒಂದೇ. ಅದು 59.60 ಹೋಯಿತು, ಫೈನಲ್ ಸಿಕ್ಕಿತು, ಅಲ್ಲಿ 61.12 ಎಸೆದು ಏಳನೆಯವರಾದರು. ಅದಕ್ಕೂ ಮೊದಲು 2019ರಲ್ಲಿ ದೋಹಾದಲ್ಲಿ ಎಂಟನೆಯವರು. ವಿಶ್ವ ಚಾಂಪಿಯನ್‌ಷಿಪ್‌ನ ಹೆಣ್ಣುಮಕ್ಕಳ ಜಾವೆಲಿನ್ ಫೈನಲ್‌ಗೆ ಭಾರತದಿಂದ ಮೊದಲು ಹೋದವರು ಅವರೇ. ಮೇರಠ್ ಕಡೆಯ ಹಳ್ಳಿಯಲ್ಲಿ ಬಿದಿರಿನ ಕೋಲು ಎಸೆದು ಶುರುಮಾಡಿದ ಹುಡುಗಿ. ನಮ್ಮ ಮಕ್ಕಳಿಗೆ ಈ ಮೂರನೇ ಎಸೆತದ ಕಥೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲರೂ ಮಾಡುವ ತಪ್ಪು ಅಂದರೆ ಈಟಿಯ ಹಿಂದೆ ಕಣ್ಣು ಓಡಿಸುವುದು. ಕೈ ಬಿಟ್ಟ ಮೇಲೆ ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ಆಗಬೇಕಾದದ್ದೆಲ್ಲ ಅಷ್ಟರಲ್ಲಿ ಆಗಿಹೋಗಿರುತ್ತದೆ. ನೀವು ನೋಡಬೇಕಾದ್ದು ಎಡಗಾಲು. ಎಡಗೈಯವರಾದರೆ ಬಲಗಾಲು.

ಮೊದಲು ನೆಟ್ಟಗೆ ಓಡಿ ಬರುತ್ತಾರೆ, ಜಾವೆಲಿನ್ ತಲೆಯ ಪಕ್ಕದಲ್ಲಿರುತ್ತದೆ. ಅರ್ಧ ದಾರಿಗೆ ಬಂದ ಮೇಲೆ ಕೈ ಹಿಂದಕ್ಕೆ ಹೋಗುತ್ತದೆ, ಮೈ ಪಕ್ಕಕ್ಕೆ ತಿರುಗುತ್ತದೆ, ಕಾಲು ಒಂದರ ಮುಂದೆ ಒಂದು ಅಡ್ಡಡ್ಡ ಬೀಳುತ್ತವೆ. ಕೊನೆಯಲ್ಲಿ ಬಲಗಾಲು ಊರಿತು ಅನ್ನುವಷ್ಟರಲ್ಲಿ ಎಡಗಾಲು ಮುಂದೆ ಚಾಚಿ ಹಿಮ್ಮಡಿ ನೆಲಕ್ಕೆ ಬೀಳುತ್ತದೆ. ಆ ಕ್ಷಣ ಮಂಡಿ ನೆಟ್ಟಗಿದೆಯೋ, ಮಡಚಿತೋ? ಇಷ್ಟೇ ನೋಡಿ.

ಸೈಕಲ್‌ನಲ್ಲಿ ಜೋರಾಗಿ ಹೋಗುವಾಗ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಏನಾಗುತ್ತದೆ? ಹಿಂದಿನ ಚಕ್ರ ಎದ್ದು ನಾವು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತೇವೆ. ಆ ಎಡಗಾಲೇ ಮುಂದಿನ ಬ್ರೇಕ್. ಅದು ಕಂಬದ ಹಾಗೆ ನಿಂತರೆ ಓಟದ ವೇಗವೆಲ್ಲ ಸೊಂಟಕ್ಕೆ, ಸೊಂಟದಿಂದ ಎದೆಗೆ, ಭುಜಕ್ಕೆ, ಮೊಣಕೈಗೆ, ಕೊನೆಗೆ ಬೆರಳಿಗೆ ಚಾಟಿಯ ಹಾಗೆ ಹರಿಯುತ್ತದೆ. ಬೆರಳಿಂದ ಬಿಡುವಾಗ ಗಂಟೆಗೆ 90 ಕಿಲೋಮೀಟರ್‌ಗೂ ಜಾಸ್ತಿ ವೇಗ. ಮಂಡಿ ಮಡಚಿತೋ, ಆ ವೇಗವನ್ನೆಲ್ಲ ತೊಡೆಯೇ ನುಂಗಿಬಿಡುತ್ತದೆ. ಕೈಯಲ್ಲಿ ಎಷ್ಟು ಬಲವಿದ್ದರೂ ಉಪಯೋಗವಿಲ್ಲ.

ಸ್ಲೋ ಮೋಷನ್ ಬಂದಾಗ ಶೂ ಕಡೆ ಕಣ್ಣಿಡಿ. ಜಾವೆಲಿನ್ ಶೂಗೆ ಹಿಮ್ಮಡಿಯಲ್ಲೂ ಮೊಳೆ ಇರುತ್ತವೆ. ಓಟದವರ ಸ್ಪೈಕ್‌ನಲ್ಲಿ ಮುಂಗಾಲಿಗೆ ಮಾತ್ರ. ಹಿಮ್ಮಡಿ ಜಾರಿದರೆ ಎಲ್ಲ ಹೋಯಿತು, ಅದಕ್ಕೇ ಈ ಏರ್ಪಾಡು. ಮೈತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಈ ಆಟದವರ ಮಂಡಿ, ಮೊಣಕೈ, ಭುಜ ಯಾಕೆ ಹಾಳಾಗುತ್ತವೆ ಅಂತ ಆಗ ಅರ್ಥವಾಗುತ್ತದೆ. ಅಮೆರಿಕದ ಕಾರಾ ವಿಂಗರ್ ಮಂಡಿಯ ಲಿಗಮೆಂಟ್ ಹರಿದುಕೊಂಡು, ಸರಿಮಾಡಿಸಿಕೊಂಡು ಬಂದು, 36ನೇ ವಯಸ್ಸಿಗೆ ಯೂಜೀನ್‌ನಲ್ಲಿ ಕೊನೇ ಎಸೆತದಲ್ಲಿ ಬೆಳ್ಳಿ ಗೆದ್ದರು. ಆ ಕಾಲನ್ನು ಮತ್ತೆ ನಂಬಿ ಊರುವುದಕ್ಕೆ ಎಂಥ ಧೈರ್ಯ ಬೇಕು!

ನಿಯಮಗಳು ಜಾಸ್ತಿ ಇಲ್ಲ. ಓಟದ ದಾರಿಯ ಕೊನೆಯಲ್ಲಿ ಬಿಳೀ ಬಾಗಿದ ಗೆರೆ, ಅದನ್ನು ಕಾಲು ಮುಟ್ಟಬಾರದು. ಎಸೆದ ಮೇಲೆ ನಿಲ್ಲುವುದಕ್ಕೆ ಒಂದೂವರೆ ಎರಡು ಮೀಟರ್ ಜಾಗ ಉಳಿಸಿಕೊಂಡಿರುತ್ತಾರೆ. ಈಟಿಯ ಮೂತಿ ಮೊದಲು ನೆಲ ಮುಟ್ಟಬೇಕು, ನೆಟ್ಟು ನಿಲ್ಲಬೇಕು ಅಂತಿಲ್ಲ. ಬಿಳೀ ಬಾವುಟ ಬಂದರೆ ಸರಿ, ಕೆಂಪು ಬಂದರೆ ಫೌಲ್.

ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಟಿವಿಯವರು ನಡುವೆ ಓಟದ ಕಡೆ ಹೋಗಿಬಿಡುತ್ತಾರೆ, ವಾಪಸ್ ಬಂದಾಗ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗುವುದಿಲ್ಲ. ಫೈನಲ್‌ನ 12 ಜನರಿಗೆ 12 ಅಡ್ಡಸಾಲು, ಆರು ಸುತ್ತಿನ ಎಸೆತಕ್ಕೆ 6 ಉದ್ದಸಾಲು ಹಾಕಿ. ಫೌಲ್‌ಗೆ ×, ಎಸೆಯದೆ ಬಿಟ್ಟರೆ ಸಣ್ಣ ಗೀಟು. ತಪ್ಪಿಹೋದ ಎಸೆತಗಳು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತವೆ. ಎಡಗಾಲು ನೆಟ್ಟಗೆ ನಿಂತ ಎಸೆತದ ಪಕ್ಕ ನಾನು ಒಂದು ಚುಕ್ಕಿ ಇಡುತ್ತೇನೆ. ಎರಡು ಮೂರು ಸುತ್ತು ಹೀಗೆ ಮಾಡಿದರೆ, ಅಂಕಿ ಬರುವ ಮೊದಲೇ ನೀವು ‘ಇದು ಹೋಯ್ತು’ ಅಂತ ಹೇಳಲು ಶುರುಮಾಡುತ್ತೀರಿ. ನಮ್ಮ ಹುಡುಗಿಯರು ಈಗ ನನಗಿಂತ ಮೊದಲೇ ಹೇಳುತ್ತಾರೆ.

ಬುಡಾಪೆಸ್ಟ್‌ವರೆಗೆ ಮೂರು ಸುತ್ತಾದ ಮೇಲೆ ಎಂಟು ಜನ ಉಳಿಯುತ್ತಿದ್ದರು, ಅವರಿಗೆ ಇನ್ನೂ ಮೂರು ಎಸೆತ. 2025ರ ಟೋಕಿಯೊದಲ್ಲಿ ಇದನ್ನು ಬದಲಾಯಿಸಿದರು: ಮೂರನೇ ಸುತ್ತಿನ ನಂತರ 10, ನಾಲ್ಕರ ನಂತರ 8, ಐದರ ನಂತರ 6 ಜನ. ಹಾಗಾಗಿ ನೋಟ್‌ಬುಕ್‌ನಲ್ಲಿ ಆಯಾ ಸುತ್ತಿಗೆ ಗೆರೆ ಎಳೆದುಕೊಳ್ಳಿ.

ಇನ್ನು, ಏನೇ ಆದರೂ ಕೊನೇ ಎಸೆತ ಮುಗಿಯುವವರೆಗೆ ಏಳಬೇಡಿ.

ಕಾಲೇಜಿನಲ್ಲಿದ್ದಾಗ ಅಂತರ ಕಾಲೇಜು ಕೂಟವೊಂದರಲ್ಲಿ ಐದು ಎಸೆತ ಮುಗಿದಾಗ ನಾನು ನಾಲ್ಕನೆಯವಳು. ಕಂಚಿಗೆ 38 ಸೆಂಟಿಮೀಟರ್ ಕಮ್ಮಿ. ಮನಸ್ಸು ಆಗಲೇ ಬಸ್ ಸ್ಟ್ಯಾಂಡಿಗೆ ಹೋಗಿತ್ತು. ಆರನೆಯದನ್ನು ಸುಮ್ನೆ ಎಸೆದು ಬಂದೆ. ಆ ಎಸೆತದ ನೆನಪೂ ನನಗಿಲ್ಲ, ಅದೇ ಇವತ್ತಿಗೂ ನೋವು.

ಬುಡಾಪೆಸ್ಟ್‌ನಲ್ಲಿ ಕೊಲಂಬಿಯಾದ ಫ್ಲೋರ್ ಡೆನಿಸ್ ರೂಯಿಸ್ ಮೊದಲ ಎಸೆತಕ್ಕೇ 65.47 ಹಾಕಿ ಮುಂದೆ ಹೋದರು. ಸುತ್ತಿನ ಮೇಲೆ ಸುತ್ತು ಕಳೆಯಿತು, ಅವರನ್ನು ಯಾರೂ ದಾಟಲಿಲ್ಲ. ಜಪಾನಿನ ಹರುಕಾ ಕಿಟಗುಚಿ ಕೊನೇ ಎಸೆತಕ್ಕೆ ನಿಂತಾಗ ನಾಲ್ಕನೇ ಸ್ಥಾನದಲ್ಲಿದ್ದರು. ನನ್ನ ಜಾಗ! ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಮೊದಲು ಈಜುತ್ತಿದ್ದವರು ಅವರು, ಭುಜ ಅಷ್ಟು ಸಡಿಲ, ಕೈ ಎಲ್ಲರಿಗಿಂತ ಹಿಂದಕ್ಕೆ ಹೋಗುತ್ತದೆ. ಎಡಗಾಲು ಊರಿತು, ನಿಂತಿತು. 66.73. ಚಿನ್ನ. ಹುಡುಗಿಯಿಂದ ಮೆಸೇಜ್: ‘ಟೀಚರ್ ಕಾಲು ನೋಡಿದ್ರಾ!!’

ಇದು ಒಂದು ಸಲದ ಮಾತಲ್ಲ. 1983ರಲ್ಲಿ ಹೆಲ್ಸಿಂಕಿಯ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಫಿನ್ಲೆಂಡಿನ ಟೀನಾ ಲಿಲ್ಲಾಕ್ ಕೊನೇ ಎಸೆತದಲ್ಲಿ 70.82 ಎಸೆದು, ಬ್ರಿಟನ್ನಿನ ಫಾತಿಮಾ ವಿಟ್‌ಬ್ರೆಡ್ ಅವರನ್ನು ದಾಟಿದರು. 2015ರಲ್ಲಿ ಬೀಜಿಂಗ್‌ನಲ್ಲಿ ಜರ್ಮನಿಯ ಕತರೀನಾ ಮೊಲಿಟರ್ ಹಾಗೇ ಕೊನೆಯಲ್ಲಿ 67.69. 2019ರಲ್ಲಿ ದೋಹಾದಲ್ಲಿ ಆಸ್ಟ್ರೇಲಿಯಾದ ಕೆಲ್ಸಿ-ಲೀ ಬಾರ್ಬರ್ ಕೂಡ ನಾಲ್ಕನೇ ಸ್ಥಾನದಿಂದ ಕೊನೇ ಎಸೆತಕ್ಕೆ ಚಿನ್ನ. ಹಾಗಂತ ಮೊದಲ ಸುತ್ತನ್ನು ತಪ್ಪಿಸಿಕೊಳ್ಳಬೇಡಿ. ಸ್ಟೆಫಿ ನೆರಿಯಸ್ 2009ರಲ್ಲಿ ಬರ್ಲಿನ್‌ನಲ್ಲಿ ತಮ್ಮದೇ ಜನರ ಮುಂದೆ ಮೊದಲ ಎಸೆತದಲ್ಲೇ ಗೆದ್ದರು.

ಮುಂದಿನ ಕೂಟ 2027ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬೀಜಿಂಗ್‌ನಲ್ಲಿ. ಆ ಹಕ್ಕಿಗೂಡಿನಂಥ ಕ್ರೀಡಾಂಗಣ ನೆನಪಿದೆ ಅಲ್ವಾ, ಅಲ್ಲಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಏಳೂವರೆಗೆ ಶುರುವಾದರೆ ನಮಗೆ ಐದು ಗಂಟೆ, ಶಾಲೆ ಬಿಟ್ಟ ಹೊತ್ತು. ನಡುರಾತ್ರಿ ಕದ್ದು ಕೂರಬೇಕಾಗಿಲ್ಲ. ಸ್ಟಾಫ್ ರೂಮಿನ ಟಿವಿಯನ್ನು ಅವತ್ತು ನನಗೆ ಬಿಟ್ಟುಕೊಡಿ ಅಂತ ಹೆಡ್‌ಮಾಸ್ಟರ್‌ಗೆ ಈಗಲೇ ಹೇಳಿಟ್ಟಿದ್ದೇನೆ. ನೋಟ್‌ಬುಕ್‌ಗೆ ಗೆರೆ ಹಾಕುವ ಕೆಲಸ ಎಂಟನೇ ಕ್ಲಾಸಿನವರದು.