ಹೊಸ ಶೂ ಹಾಕ್ಕೊಂಡು ಗುಡ್ಡ ಹತ್ತೋ ಮಕ್ಳೇ, ಮೊದ್ಲು ಹಿಮ್ಮಡಿ ನೋಡ್ಕೊಳ್ಳಿ

ಶುಕ್ರವಾರ ರಾತ್ರಿ ಹೊಸ ಶೂ ಡಬ್ಬ ಬಿಚ್ಚೋದು, ಶನಿವಾರ ಬೆಳಗ್ಗೆ ಅದನ್ನೇ ಹಾಕ್ಕೊಂಡು ಮುಳ್ಳಯ್ಯನಗಿರಿಗೋ ಎತ್ತಿನಭುಜಕ್ಕೋ ಹೊರಡೋದು, ಸಂಜೆ ಹಿಮ್ಮಡಿಲಿ ಬೊಬ್ಬೆ ಎಬ್ಬಿಸ್ಕೊಂಡು ಕುಂಟ್ತಾ ಬಂದು ನಮ್ಮನೆ ಜಗಲಿ ಮೇಲೆ ಕೂತು "ಅಜ್ಜಿ, ಬ್ಯಾಂಡೇಡ್ ಇದ್ಯಾ" ಅಂತ ಕೇಳೋದು. ಬೆಂಗಳೂರಿಂದ ಬರೋ ನಮ್ಮ ಮೊಮ್ಮಕ್ಳು, ಅವ್ರ ಫ್ರೆಂಡ್ಸು, ಎಲ್ಲಾರದ್ದೂ ಇದೇ ಕಥೆ. ಸಾವಿರಗಟ್ಲೆ ಕೊಟ್ಟು ಶೂ ತಗೊಳ್ಳಕ್ಕೆ ಬರುತ್ತೆ, ಅದನ್ನ ಕಾಲಿಗೆ ಹೊಂದಿಸ್ಕೊಳ್ಳಕ್ಕೆ ಮಾತ್ರ ಟೈಮಿಲ್ಲ. ಬಾಯಲ್ಲಿ ಹೇಳಿದ್ರೆ ಕಿವಿಗೆ ಹಾಕ್ಕೊಳಲ್ಲ, ಫೋನಲ್ಲಿ ಬಂದ್ರಾದ್ರೂ ಓದ್ತಾರೇನೋ ಅಂತ ಬರೀತಿದೀನಿ.

ಶೂ ಗಟ್ಟಿ ಇದೆ, ಅದಕ್ಕೇ ಕಡೀತು ಅಂತೀರಲ್ಲ, ಅದು ಅರ್ಧ ನಿಜ. ಒಳಗೆ ಹಿಮ್ಮಡಿ ಮೇಲೆ ಕೆಳಗೆ ಆಡುತ್ತಲ್ಲ, ಅದೇ ಮೂಲ. ಹೆಜ್ಜೆ ಎತ್ತಿದಾಗೆಲ್ಲಾ ಒಳಗಿನ ಮೂಳೆ ಜರುಗುತ್ತೆ, ಸಾಕ್ಸಿಗೆ ಅಂಟ್ಕೊಂಡ ಮೇಲಿನ ಚರ್ಮ ಅಲ್ಲೇ ನಿಂತುಬಿಡುತ್ತೆ, ಈ ಎಳೆದಾಟದಲ್ಲಿ ಚರ್ಮದ ಪದರ ಒಳಗೊಳಗೇ ಬಿಟ್ಕೊಂಡು ಆ ಸಂದಿಗೆ ನೀರು ತುಂಬ್ಕೊಳ್ಳುತ್ತೆ. ಬೆವರಿಗೋ ಮಳೆಗೋ ನೆಂದ ಚರ್ಮ ಆದ್ರಂತೂ ಕೇಳೋದೇ ಬೇಡ. ಹತ್ತುವಾಗ ಹಿಮ್ಮಡಿ, ಇಳಿಯುವಾಗ ಬೆರಳ ತುದಿ, ಇಷ್ಟು ಗೊತ್ತಿದ್ರೆ ಸಾಕು.

ಶೂ ತಗೊಳ್ಳೋದು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುತ್ತೆ ಆವಾಗ. ಗುಡ್ಡಕ್ಕೆ ಹಾಕೋ ಸಾಕ್ಸನ್ನೇ ಅಂಗಡಿಗೂ ತಗೊಂಡು ಹೋಗಿ. ಮುಂದೆ ಹೆಬ್ಬೆರಳಗಲ ಜಾಗ ಇರ್ಬೇಕು, ಹಿಂದೆ ಹಿಮ್ಮಡಿ ಏಳಬಾರ್ದು, ಅಷ್ಟೇ. ಆಮೇಲೆ ಆ ಕಾಟನ್ ಸಾಕ್ಸ್! ಕಾಟನ್ ಒಳ್ಳೇದು ಅಂತ ಯಾರು ಹೇಳ್ಕೊಟ್ರೋ ಕಾಣೆ. ಸೀರೆಗೆ ಒಳ್ಳೇದು, ದಿಂಬಿನ ಕವರ್‌ಗೆ ಒಳ್ಳೇದು, ಗುಡ್ಡ ಹತ್ತೋ ಕಾಲಿಗಲ್ಲ ಮಾರಾಯ, ಬೆವರು ಕುಡ್ಕೊಂಡು ಹಾಗೇ ಒದ್ದೆಯಾಗಿ ಕೂತಿರುತ್ತೆ. ಉಣ್ಣೆದೋ ಸಿಂಥೆಟಿಕ್‌ದೋ ಹಾಕಿ, ಒಂದು ಜೊತೆ ಒಣಗಿದ್ದು ಬ್ಯಾಗಲ್ಲಿರ್ಲಿ.

ಹೊಸ ಶೂ ಮನೇಲೇ ಹಾಕ್ಕೊಂಡು ಓಡಾಡ್ಬೇಕು. ಮೊದ್ಲು ಅರ್ಧ ಗಂಟೆ, ಆಮೇಲೆ ಸಂತೆಗೆ ಹೋಗಿ ಬರೋವಷ್ಟು, ಆಮೇಲೆ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಏರು ರಸ್ತೇಲಿ. ಲೆದರ್‌ದಾದ್ರೆ ವಾರಗಟ್ಲೆ ಬೇಕು. ನಮ್ಮ ಮಾವನೋರು ಹೊಸ ಮೆಟ್ಟು ಹೊಲಿಸ್ಕೊಂಡು ಬಂದ್ರೆ ರಾತ್ರಿ ಹರಳೆಣ್ಣೆ ಸವರಿ ಮೂಲೇಲಿ ಇಟ್ಟುಬಿಡೋರು, ಬೆಳಗ್ಗೆ ಎದ್ದು ಬಟ್ಟೇಲಿ ಒರೆಸಿ ಬರೀ ಕಾಫಿ ಕಣಕ್ಕೆ ಮಾತ್ರ ಹಾಕ್ಕೊಂಡು ಹೋಗೋರು, ಮನೆಯಿಂದ ಕಣ, ಕಣದಿಂದ ಮನೆ, ತೋಟದ ಒಳಗೂ ಇಳಿಯೋರಲ್ಲ. ಮೆಟ್ಟು ಅವ್ರ ಮಾತು ಕೇಳೋಕೆ ಶುರು ಮಾಡಿದ್ಮೇಲೇ ಚಿಕ್ಕಮಗಳೂರಿನ ಬಸ್ ಹತ್ತೋರು. ಈಗಿನ ಸಿಂಥೆಟಿಕ್ ಶೂಗೆ ಎಣ್ಣೆ ಬಳಿಯಕ್ಕೆ ಹೋಗ್ಬೇಡಿ ಮತ್ತೆ, ಅದು ಮೆತ್ತಗೂ ಆಗಲ್ಲ, ಧೂಳು ಮಾತ್ರ ಚೆನ್ನಾಗಿ ಹಿಡಿಯುತ್ತೆ. ದೇವೀರಮ್ಮನ ಬೆಟ್ಟಕ್ಕೆ ದೀಪಾವಳಿಲಿ ಜನ ಬರಿಗಾಲಲ್ಲೇ ಹತ್ತಲ್ವಾ, ಅವ್ರಿಗ್ಯಾಕೆ ಬೊಬ್ಬೆ ಬರಲ್ಲ ಅಂತ ಮೊಮ್ಮಗ ವಾದ ಮಾಡ್ದ. ಶೂನೇ ಇಲ್ದಿದ್ರೆ ಹಿಮ್ಮಡಿ ಎಲ್ಲಿಗೋ ಉಜ್ಜೋದು? ಮುಳ್ಳು ಕಲ್ಲು ಚುಚ್ಚೋದು ಬೇರೆ ಲೆಕ್ಕ.

ಈಗ ನಾನು ಹೇಳೋದನ್ನ ಸರಿಯಾಗಿ ಕೇಳಿ, ಬೇರೆದೆಲ್ಲಾ ಮರೆತ್ರೂ ಪರ್ವಾಗಿಲ್ಲ. ಮೆಡಿಕಲ್ ಶಾಪಲ್ಲಿ ಮೈಕ್ರೋಪೋರ್ ಟೇಪ್ ಅಂತ ಕೇಳಿ, ಗಾಯಕ್ಕೆ ಹತ್ತಿ ಇಟ್ಟು ಅಂಟಿಸ್ತಾರಲ್ಲ ಆ ಬಿಳೀ ಪೇಪರ್ ಟೇಪು, ಎರಡು ಬೆರಳಗಲದ್ದು. ಬೊಬ್ಬೆ ಬಂದ್ಮೇಲಲ್ಲ, ಹೊರಡೋ ಮುಂಚೆ ಅಂಟಿಸ್ಕೊಳ್ಳೋದು. ನಮ್ಮಕ್ಕನ ಮಗ ಡಾಕ್ಟ್ರು, ನಗ್ತಾ ಇದ್ದ ಮೊದ್ಲು, ಆಮೇಲೆ ಅವ್ನೇ ಓದ್ಕೊಂಡು ಬಂದು ಹೇಳ್ದ, ಅಮೆರಿಕದ ಸ್ಟ್ಯಾನ್‌ಫರ್ಡ್‌ನೋರು 250 ಕಿಲೋಮೀಟರ್ ಓಟದಲ್ಲಿ 128 ಜನಕ್ಕೆ ಇದೇ ಪೇಪರ್ ಟೇಪ್ ಹಾಕಿ ನೋಡಿದ್ರಂತೆ, 2016ರಲ್ಲಿ ಬರೆದಿದಾರೆ, ಟೇಪ್ ಹಾಕಿದ ಕಡೆ ಬೊಬ್ಬೆ ಶೇ. 40ರಷ್ಟು ಕಮ್ಮಿ ಅಂತ. ನಾನು ಏನೂ ಮಾತಾಡ್ಲಿಲ್ಲ, ಕಾಫಿ ಕೊಟ್ಟೆ.

ಹಿಂದಿನ ರಾತ್ರಿ ಬಿಸಿನೀರಲ್ಲಿ ಕಾಲು ತೊಳ್ದು ಉಗುರು ತೆಗೀರಿ. ಮಲಗೋವಾಗ ಕಾಲಿಗೆ ಎಣ್ಣೆ ಹಚ್ಚೋ ಅಭ್ಯಾಸ ಇದ್ರೆ ಅವತ್ತೊಂದಿನ ಬಿಡಿ, ಜಿಡ್ಡಿದ್ರೆ ಟೇಪು ನಿಲ್ಲಲ್ಲ. ಬೆಳಗ್ಗೆ ಸ್ಪಿರಿಟ್ ಹಾಕಿದ ಹತ್ತೀಲಿ ಹಿಮ್ಮಡಿ ಒರೆಸಿ, ಪೂರ್ತಿ ಆರಲಿ, ಊದಕ್ಕೆ ಹೋಗ್ಬೇಡಿ ಬಾಯಿಂದ. ಟೇಪನ್ನ ಕತ್ರಿಲಿ ಕತ್ತರಿಸಿ, ಹಲ್ಲಲ್ಲಿ ಕಚ್ಚಿ ಹರಿಯೋದಲ್ಲ. ನಾಲ್ಕೂ ಮೂಲೆ ದುಂಡಗೆ ಮಾಡ್ಕೊಳ್ಳಿ, ಇದನ್ನ ಯಾರೂ ಮಾಡಲ್ಲ, ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಏಳೋದೇ ಅಲ್ಲಿಂದ, ಎದ್ದು ಸುರುಳಿ ಸುತ್ಕೊಂಡ್ರೆ ಆ ಸುರುಳಿನೇ ಉಜ್ಜಿ ಇನ್ನೊಂದು ಬೊಬ್ಬೆ ಮಾಡುತ್ತೆ. ಕತ್ರಿಗೆ ಅಂಟಾದ್ರೆ ಕೊಬ್ಬರಿ ಎಣ್ಣೆ ಹತ್ತಿಲಿ ಒರೆಸಿ. ಹಲಸಿನ ಹಣ್ಣು ಬಿಡಿಸೋ ಕತ್ತಿಗಂತೂ ಎಣ್ಣೆನ ಮೊದ್ಲೇ ಸವರ್ಬೇಕು, ಕೈಗೂ ಕೂಡ, ನಮ್ಮನೇಲಿ ಎಲ್ಲಾ ಮೇಣ ಮಾಡ್ಕೊಂಡ್ಮೇಲೆ "ಅತ್ತೆ, ಎಣ್ಣೆ ಎಲ್ಲಿ" ಅಂತ ಹುಡುಕ್ತಾರೆ, ಎಷ್ಟು ವರ್ಷ ಹೇಳೋದು.

ಸರಿ. ಮಣೆ ಮೇಲೆ ಕೂತು ಕಾಲಿನ ಬೆರಳುಗಳನ್ನ ನಿಮ್ಮ ಕಡೆ ಎಳ್ಕೊಳ್ಳಿ, ಟೇಪನ್ನ ಈ ಸ್ಥಿತೀಲೇ ಹಾಕ್ಬೇಕು. ಶೂನ ಹಿಂದಿನ ಅಂಚು ಎಲ್ಲಿ ತಾಗುತ್ತೆ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಮನೇಲಿ ಓಡಾಡಿದ್ರೆ ಅದು ಗೊತ್ತಿರುತ್ತೆ. ಟೇಪಿನ ನಡುಭಾಗ ಮೊದ್ಲು ಅಲ್ಲಿ ಕೂರಿಸಿ, ಆಮೇಲೆ ಎರಡೂ ಕಡೆಗೆ ಸವರ್ತಾ ಹೋಗಿ, ಎಳೀಬೇಡಿ, ಎಳೆದು ಅಂಟಿಸಿದ ಟೇಪು ವಾಪಸ್ ಕುಗ್ಗಕ್ಕೆ ನೋಡುತ್ತೆ, ಚರ್ಮನೂ ಜೊತೆಗೆ ಎಳೆಯುತ್ತೆ. ಎರಡನೇ ತುಂಡು ಅಂಗಾಲಿನ ಕಡೆಯಿಂದ ಮೇಲಕ್ಕೆ, ಮೊದಲನೇದರ ಅಂಚು ಸ್ವಲ್ಪ ಮುಚ್ಚೋ ಹಾಗೆ. ಒಂದು ಸುಕ್ಕು ಬಂದ್ರೂ ಕಿತ್ತು ಹೊಸದು ಹಾಕಿ, ಜಿಪುಣತನ ಇಲ್ಲಿ ಬೇಡ. ಆಮೇಲೆ ಅಂಗೈಯಿಂದ ಒತ್ತಿ ಹಿಡ್ಕೊಳ್ಳಿ, ಒಂದು ದೇವರನಾಮ ಹೇಳ್ಕೊಳ್ಳೋವಷ್ಟು ಹೊತ್ತು, ಕೈ ಬಿಸಿಗೆ ಅಂಟು ಸರಿಯಾಗಿ ಹಿಡಿಯುತ್ತೆ. ಅಂಚಿನ ಸುತ್ತ ಚಿಟಿಕೆ ಪೌಡರ್. ಸಾಕ್ಸನ್ನ ಬೆರಳ ತನಕ ಮಡಚಿ ಹಿಡಿದು ಹಿಮ್ಮಡಿ ಮೇಲೆ ನಿಧಾನಕ್ಕೆ ಬಿಚ್ಚ್ತಾ ಬನ್ನಿ, ದರದರ ಎಳೆದ್ರೆ ಇಷ್ಟು ಹೊತ್ತು ಮಾಡಿದ್ದೆಲ್ಲಾ ಎದ್ದು ಬರುತ್ತೆ.

ಲೇಸು ಕಟ್ಟೋದಕ್ಕೂ ಒಂದು ಕ್ರಮ ಇದೆ. ಶೂ ಹಾಕಿ ಹಿಮ್ಮಡಿನ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸ್ಬೇಕು, ಆಮೇಲೆ ಲೇಸು. ಪಾದದ ಮೇಲೆ ಸಡಿಲ ಇರ್ಲಿ, ಕಾಲು ಬಾಗೋ ಕಡೆ ಎರಡು ಸಲ ಸುತ್ತಿ ಬಿಗೀರಿ. ತೂತು ಮಾತ್ರ ಇರೋ ಶೂ ಆದ್ರೆ ಕೊನೇ ತೂತಿಗೆ ಅದೇ ಕಡೆಯಿಂದ ಹಾಕಿ ಒಂದು ಕುಣಿಕೆ ಬಿಟ್ಕೊಂಡು, ಆಚೆ ಲೇಸನ್ನ ಈಚೆ ಕುಣಿಕೇಲಿ, ಈಚೇದನ್ನ ಆಚೆ ಕುಣಿಕೇಲಿ ತೂರಿಸಿ ಎಳೀರಿ. ಹಿಮ್ಮಡಿ ಅಲ್ಲಾಡಿದ್ರೆ ಕೇಳಿ. ಇಳಿಯೋ ಮುಂಚೆ ಇನ್ನೊಂದ್ಸಲ ಬಿಗೀಬೇಕು.

ದಾರೀಲಿ ಹಿಮ್ಮಡಿ ಬಿಸಿ ಅನ್ನಿಸ್ತು ಅಂದ ತಕ್ಷಣ ನಿಲ್ಲಿ. ಮುಂದಿನ ತಿರುವಲ್ಲಿ ನೋಡ್ತೀನಿ ಅನ್ಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ತಮಾಷೆ, ಇಂಬಳ ಹತ್ತುತ್ತೆ ಅಂತ ಹೆದರಿ ಯಾರೂ ಶೂನೇ ಬಿಚ್ಚಲ್ಲ, ಮುಳ್ಳೋಡಿಯಿಂದ ಕುದುರೆಮುಖ ಹೋಗಿ ಬರೋದು ಅಂದ್ರೆ 20 ಕಿಲೋಮೀಟರ್ ಹತ್ರ ಹತ್ರ, ಅಷ್ಟೂ ದೂರ ಹಲ್ಲು ಕಚ್ಕೊಂಡು ನಡೀತಾರೆ. ಇಂಬಳ ಸ್ವಲ್ಪ ರಕ್ತ ಕುಡ್ದು ತಾನೇ ಉದುರುತ್ತೆ, ಬೊಬ್ಬೆ ಹಾಗಲ್ಲ. ಹುಲ್ಲಿಲ್ಲದ ಬಂಡೆ ನೋಡಿ ಕೂತ್ಕೊಂಡು ಬಿಚ್ಚಿ, ಒರೆಸಿ, ಟೇಪ್ ಹಾಕಿ, ಒಣಗಿದ ಸಾಕ್ಸ್ ಹಾಕ್ಕೊಳ್ಳಿ.

ಇಷ್ಟಾಗಿಯೂ ಬಂತು ಅಂದ್ರೆ ಚಿಕ್ಕದನ್ನ ಮುಟ್ಬೇಡಿ. ದೊಡ್ಡದಾಗಿ ಹೆಜ್ಜೆ ಊರಕ್ಕೇ ಆಗ್ತಿಲ್ಲ ಅಂದ್ರೆ ಸ್ಪಿರಿಟಲ್ಲಿ ಒರೆಸಿದ ಸೂಜಿಯಿಂದ ಅಂಚಲ್ಲಿ ಚುಚ್ಚಿ ನೀರು ಬಿಡಿ, ಮೇಲಿನ ಚರ್ಮ ಮಾತ್ರ ಕೀಳಬಾರ್ದು, ಅದೇ ಅದಕ್ಕೆ ಹೊದಿಕೆ. ಮೇಲೆ ಗಾಜ್ ಬಟ್ಟೆ ಇಟ್ಟು ಆಮೇಲೆ ಟೇಪು. ಶುಗರ್ ಇರೋರು ಚುಚ್ಚೋ ಸಾಹಸ ಬೇಡ, ಸೀದಾ ಡಾಕ್ಟ್ರ ಹತ್ರ.

ಮನೆಗೆ ಬಂದ್ಮೇಲೆ ಟೇಪನ್ನ ಚರಕ್ಕಂತ ಕೀಳ್ಬೇಡಿ, ಎಣ್ಣೆ ಸವರಿ ಬಿಸಿನೀರಲ್ಲಿ ಕಾಲಿಟ್ಕೊಂಡ್ರೆ ತಾನೇ ಬರುತ್ತೆ. ಒದ್ದೆ ಶೂನ ಬಚ್ಚಲೊಲೆ ಮುಂದೆ ಇಟ್ಟು ಬೇಯಿಸೋದೂ ಬೇಡ, ಅಂಟು ಕರಗಿ ಅಟ್ಟೆ ಬಾಯಿ ಬಿಡುತ್ತೆ, ಲೆದರ್ ಆದ್ರೆ ಒಣಗಿ ಇನ್ನೂ ಗಟ್ಟಿಯಾಗಿ ಮತ್ತೆ ಕಡಿಯಕ್ಕೆ ಶುರು. ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಒದ್ದೆಯಾದಾಗ ಬದಲಾಯಿಸ್ತಾ ಗಾಳಿ ಆಡೋ ಕಡೆ ಇಡಿ. ನಮ್ಮನೆಗೆ ಬಂದ್ರೆ ಪೇಪರ್ ಜಗಲಿ ಬೆಂಚಿನ ಕೆಳಗಿದೆ, ಪದಬಂಧ ಇರೋ ಪುಟ ಮಾತ್ರ ಮುಟ್ಬೇಡಿ, ಅದು ನಿಮ್ಮಜ್ಜಂದು.