ಪೊಟ್ಟಣದಲ್ಲಿ ಬಂದ ಹಕ್ಕಳೆಯಿಂದ ಕೋಳಿ ಸಿಡುಬು ಪತ್ತೆ ಹಚ್ಚಿದ ನನ್ನ ಅನುಭವ

"ಏನ್ರೀ, ಪೊಟ್ಟಣ ಕಟ್ಟಿದ ಹಕ್ಕಳೆಯಲ್ಲಿ ಪಿಸಿಆರ್ ಮಾಡ್ತೀರಾ? ಐಸ್‌ನಲ್ಲಿ ತರಿಸಿ ಮಾರಾಯ್ರೆ!" ನಮ್ಮ ಹಿರಿಯರೊಬ್ಬರು ಹೀಗೆ ನಕ್ಕಿದ್ದರು. ಪಿಸಿಆರ್ ಅಂದರೆ ರೋಗಾಣುವಿನ ಡಿಎನ್ಎಯ ಒಂದು ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡಿ ಗುರುತಿಸುವ ಪರೀಕ್ಷೆ. ಈಗ ಅವರೇ ಸ್ಯಾಂಪಲ್ ಕಳಿಸುತ್ತಾರೆ, ಅದೂ ಪೊಟ್ಟಣದಲ್ಲೇ.

ಜುಟ್ಟಿನ ಮೇಲೆ ಗಂಟು ಕಂಡರೆ ಸಿಡುಬು ಅಂತ ಹಳ್ಳಿಯ ಅಜ್ಜಿಯೂ ಹೇಳುತ್ತಾಳೆ. ಅದಕ್ಕೆ ಪಿಸಿಆರ್ ಬೇಕಿಲ್ಲ. ನಮಗೆ ತಲೆನೋವು ಬರುವುದು ಕೋಳಿ ಬಾಯಿ ತೆರೆದು ಉಸಿರಾಡುವಾಗ. ಗಂಟಲಲ್ಲಿ ಹಳದಿ ಪೊರೆ, ಐಎಲ್‌ಟಿ ಅನ್ನೋ ಗಂಟಲ ರೋಗಾನಾ ಸಿಡುಬಾ ಗೊತ್ತಾಗಲ್ಲ. ಇನ್ನೊಂದು, ಲಸಿಕೆ ಹಾಕಿಸಿದ ಮೇಲೂ ರೋಗ ಬಂದು ರೈತ ಜಗಳಕ್ಕೆ ನಿಂತಾಗ.

ನಾಟಿ ಕೋಳಿ, ಗಿರಿರಾಜ ಸಾಕುವವರು ಐಸ್ ಬಾಕ್ಸ್ ಎಲ್ಲಿಂದ ತರಬೇಕು? ಸಿಡುಬಿನ ವೈರಸ್ ಒಣ ಹಕ್ಕಳೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ವೈರಸ್ಸೇ ಬದುಕಿರುವಾಗ ಅದರ ಡಿಎನ್ಎ ಎಲ್ಲಿ ಹೋಗುತ್ತೆ ಅನ್ನೋದು ನನ್ನ ವಾದ.

ವಾದ ಸರಿ ಇತ್ತು, ಜೆಲ್ (ನಕಲಾದ ಡಿಎನ್ಎ ಗೆರೆಯಾಗಿ, ಅಂದರೆ ಬ್ಯಾಂಡ್ ಆಗಿ, ಕಾಣುವ ಹಾಳೆ) ಮಾತ್ರ ಖಾಲಿ. ಮೊದಲ ಹನ್ನೆರಡು ಸ್ಯಾಂಪಲ್‌ನಲ್ಲಿ ಒಂದಕ್ಕೂ ಬ್ಯಾಂಡ್ ಬರಲಿಲ್ಲ. ಪ್ರೈಮರ್ (ಯಾವ ತುಣುಕು ನಕಲಾಗಬೇಕು ಅಂತ ತೋರಿಸುವ ಡಿಎನ್ಎ ಚೂರು) ಎಲ್ಲರೂ ಬಳಸುವ, ಸಿಡುಬು ವೈರಸ್ಸಿನ ಪಿ4ಬಿ ಜೀನಿನದೇ, ನಕಲಾಗುವ ತುಣುಕು 578 ಬೇಸ್ ಉದ್ದ. ಅನೀಲಿಂಗ್ (ಪ್ರೈಮರ್ ಅಂಟಿಕೊಳ್ಳುವ ಹಂತ) 60 ಡಿಗ್ರಿ, 35 ಸೈಕಲ್. ಅದರಲ್ಲಿ ತಪ್ಪಿರಲಿಲ್ಲ. ಹಕ್ಕಳೆ ಕಲ್ಲಿನಂತೆ ಗಟ್ಟಿ. ಕುಟ್ಟಾಣಿಯಲ್ಲಿ ಅರೆದರೆ ಚೂರು ಹಾರಿ ಮುಖಕ್ಕೆ ಬಡಿಯುತ್ತಿತ್ತೇ ಹೊರತು ಪುಡಿಯಾಗುತ್ತಿರಲಿಲ್ಲ. ಡಿಎನ್ಎ ಸೋಸಿ ತೆಗೆಯುವ ಕಾಲಂ ಕಿಟ್ಟಿಗೆ ಹಾಕಿದರೆ ಕಾಲಂ ಕಟ್ಟಿಕೊಳ್ಳುತ್ತಿತ್ತು. ಒಂದು ಸ್ಯಾಂಪಲ್‌ಗೆ ಸುಮಾರು 250 ರೂಪಾಯಿ, ಸೀದಾ ಕಸದ ಬುಟ್ಟಿಗೆ.

ಆಮೇಲೆ ಕುಟ್ಟುವುದು ಬಿಟ್ಟೆ. ಬ್ಲೇಡಿನಲ್ಲಿ ಎಳ್ಳಿನಷ್ಟು ಸಣ್ಣಗೆ ಕತ್ತರಿಸಿ, ಪ್ರೋಟೀನ್ ಕರಗಿಸುವ ಪ್ರೋಟೀನೇಸ್ ಕೆ ಜೊತೆ, ಗಟ್ಟಿ ಪ್ರೋಟೀನಿನ ಕೊಂಡಿ ಬಿಡಿಸುವ ಡಿಟಿಟಿ ಸ್ವಲ್ಪ ಹಾಕಿ, ರಾತ್ರಿಯಿಡೀ 56 ಡಿಗ್ರಿಯಲ್ಲಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ತಿಳಿ ಬೆಲ್ಲದ ನೀರಿನಂತೆ ಕರಗಿತ್ತು. ಅದಕ್ಕೂ ಮುಂಚೆ ಹಕ್ಕಳೆಯನ್ನು ಒಂದು ದ್ರಾವಣದಲ್ಲಿ ನೆನೆಸುತ್ತೇನೆ. ಅದು ಯಾವುದು ಅಂತ ಇಲ್ಲಿ ಬರೆಯಲ್ಲ, ಲ್ಯಾಬಿಗೆ ಬಂದರೆ ಕಾಫಿ ಕುಡಿಯುತ್ತಾ ಹೇಳುತ್ತೇನೆ. ನಂತರ ಡಿಎನ್ಎ ಬೇರ್ಪಡಿಸಲು ಫೀನಾಲ್-ಕ್ಲೋರೋಫಾರ್ಮ್, ಹಳೇ ಪದ್ಧತಿಯೇ. ಈಗ ಖರ್ಚು ಅರವತ್ತು ಎಪ್ಪತ್ತು ರೂಪಾಯಿ ಒಳಗೆ.

ಆದರೂ ಕೆಲವು ಹಕ್ಕಳೆ ಹಠ ಬಿಡಲಿಲ್ಲ. ಒಂದು ದಿನ ಟ್ಯೂಬ್ ನೋಡಿದೆ, ಡಿಎನ್ಎ ಹಳದಿ. ಫೋನ್ ಮಾಡಿ ಕೇಳಿದರೆ ಆ ಹೆಂಗಸು, "ಅರಿಶಿನ, ಬೇವಿನೆಣ್ಣೆ ಕಲಸಿ ಹಚ್ಚಿದೀನಿ ಸಾರ್, ಇನ್ನೇನು ಹಚ್ಲಿ?" ಅಂದರು. ಕೋಳಿಗೆ ಒಳ್ಳೇದಾಯ್ತೋ ಏನೋ, ನನ್ನ ಟ್ಯಾಕ್ (ಡಿಎನ್ಎ ನಕಲು ಮಾಡುವ ಕಿಣ್ವ) ಕೈಕೊಟ್ಟಿತ್ತು. ಡಿಎನ್ಎಯನ್ನು ಹತ್ತು ಪಟ್ಟು ತೆಳು ಮಾಡಿ, ಅಡ್ಡಿ ಮಾಡುವ ವಸ್ತುವನ್ನು ಹಿಡಿದಿಡುವ ಬಿಎಸ್ಎ ಪ್ರೋಟೀನ್ ಸೇರಿಸಿ ಓಡಿಸಿದೆ. ಅಳತೆಪಟ್ಟಿಯ 500 ಬೇಸ್ ಗೆರೆಯ ಸ್ವಲ್ಪ ಮೇಲೆ ಬ್ಯಾಂಡ್ ಹೊಳೆಯಿತು! ಈಗ ಪೊಟ್ಟಣ ಬಂದ ತಕ್ಷಣ ನನ್ನ ಮೊದಲ ಪ್ರಶ್ನೆ, "ಏನು ಹಚ್ಚಿದ್ದೀರಿ?"

ಅತಿ ದೊಡ್ಡ ನಷ್ಟ ನನ್ನದೇ ದಡ್ಡತನದಿಂದ ಆಗಿದ್ದು. ಪಾಸಿಟಿವ್ ಕಂಟ್ರೋಲ್‌ಗೆ (ವೈರಸ್ ಖಂಡಿತ ಇರುವ ಹೋಲಿಕೆ ಸ್ಯಾಂಪಲ್‌ಗೆ) ಅಂತ ಲಸಿಕೆಯ ವೈಯಲನ್ನು ಅದೇ ಟೇಬಲ್ ಮೇಲೆ ತೆರೆದೆ. ಮೂರು ವಾರ, ಏನೂ ಬರಬಾರದ ಬರೀ ನೀರಿನ ಕಂಟ್ರೋಲ್‌ನಲ್ಲೂ 578ರ ಬ್ಯಾಂಡ್ ಬರುತ್ತಿತ್ತು. ಪ್ರೈಮರ್, ಟ್ಯಾಕ್, ಡಿಎನ್‌ಟಿಪಿ (ಡಿಎನ್ಎ ಕಟ್ಟುವ ಕಚ್ಚಾ ವಸ್ತು) ಎಲ್ಲ ಎಸೆದೆ. ಹದಿನಾಲ್ಕು ಸಾವಿರದ ಆಸುಪಾಸು. ಈಗ ವೈಯಲ್ ತೆರೆಯುವುದು ಬೇರೆ ಕೋಣೆಯಲ್ಲಿ, ಅದೂ ಸಂಜೆ ಎಲ್ಲ ಮುಗಿದ ಮೇಲೆ. ನಡುವೆ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು ಇಪ್ಪತ್ತೆರಡನೇ ಸೈಕಲ್‌ನಲ್ಲಿ ಮೆಷಿನ್ ನಿಂತ ಕಥೆ ಹೇಳಲ್ಲ. ಅದು ನಿಮಗೆಲ್ಲ ಆಗಿರುತ್ತೆ.

ಲಸಿಕೆಯಿಂದಲೇ ರೋಗ ಬಂತು ಅನ್ನೋ ಜಗಳಕ್ಕೆ ಪಿ4ಬಿ ಸಾಲದು. ಲಸಿಕೆ ವೈರಸ್ಸಿಗೂ ಅದೇ ಬ್ಯಾಂಡ್. ಹೊರಗೆ ರೋಗ ಹರಡುವ ಸಿಡುಬು ವೈರಸ್ಸುಗಳ ಜೀನೋಮ್ ಒಳಗೆ ಸಾಮಾನ್ಯವಾಗಿ ಆರ್‌ಇವಿ ಅನ್ನೋ ಹಕ್ಕಿಗಳ ಇನ್ನೊಂದು ವೈರಸ್ ಹೆಚ್ಚುಕಡಿಮೆ ಇಡಿಯಾಗಿ ಕೂತಿರುತ್ತದೆ. ಲಸಿಕೆ ತಳಿಗಳಲ್ಲಿ ಹೆಚ್ಚಾಗಿ ಅದರ ತುದಿಯ ಎಲ್‌ಟಿಆರ್ ಅನ್ನೋ ಭಾಗದ ಚೂರು ಮಾತ್ರ. ಸುಮ್ನೆ ನೋಡೋಣ ಅಂತ ಆರ್‌ಇವಿಯ ಹೊರಕವಚದ ಎನ್ವ್ ಜೀನಿಗೆ ಪ್ರೈಮರ್ ತರಿಸಿದೆ. ಲಸಿಕೆಯಲ್ಲಿ ಬ್ಯಾಂಡ್ ಇಲ್ಲ, ಜಗಳಕ್ಕೆ ಬಂದ ರೈತನ ಕೋಳಿಯಲ್ಲಿ ಇದೆ. ಅಂದರೆ ರೋಗ ತಂದಿದ್ದು ಲಸಿಕೆಯಲ್ಲ. ಆತ ಒಪ್ಪಲಿಲ್ಲ, ಅದು ಬೇರೆ ಮಾತು. ಲಸಿಕೆ ಹಿಡಿದಿದ್ದಕ್ಕೆ ಗುರುತಾಗಿ, ರೆಕ್ಕೆಗೆ ಚುಚ್ಚಿದ ಏಳೆಂಟು ದಿನಕ್ಕೆ ಗಂಟು ಎದ್ದಿತ್ತಾ ಅಂತ ಕೇಳಿದೆ. ನೋಡೇ ಇಲ್ಲ ಅಂದ.

ಇಷ್ಟರಲ್ಲಿ ಸೊಳ್ಳೆಯ ಹುಚ್ಚು ಹತ್ತಿತು. ರೋಗ ಹರಡುವುದರಲ್ಲಿ ಸೊಳ್ಳೆಯ ಪಾಲು ದೊಡ್ಡದು, ಕೋಳಿಗೂಡಿನ ಸೊಳ್ಳೆಯಲ್ಲೇ ಹಿಡಿದರೆ ಹೇಗೆ ಅಂತ. ಇಪ್ಪತ್ತೈದರ ಗುಂಪು ಮಾಡಿ ಆರು ಟ್ಯೂಬ್. ಒಂದರಲ್ಲಿ ಮಸುಕು ಬ್ಯಾಂಡ್ ಬಂತು, ಮರುದಿನ ಓಡಿಸಿದರೆ ಮಾಯ. ಹೊಟ್ಟೆಯಲ್ಲಿನ ರಕ್ತ ಅಡ್ಡ ಬರುತ್ತಿದೆ ಅಂತ ನನ್ನ ಅನುಮಾನ. ಉಳಿದ ಐದು ಟ್ಯೂಬ್ ಫ್ರೀಜರ್‌ನಲ್ಲಿವೆ. ಮೊನ್ನೆ ನಮ್ಮ ಅಟೆಂಡರ್ "ಈ ಸೊಳ್ಳೆಗಳನ್ನ ಎಸೀಲಾ ಸಾರ್?" ಅಂದ. ಮಳೆಗಾಲ ಬರಲಿ ಇರಯ್ಯಾ ಅಂದೆ.