ಎರಡನೆಯ ಹೆರಿಗೆಗೆ ಮಡಿಕೇರಿಯನ್ನು ಆರಿಸಿಕೊಂಡ ಬಗೆ: ನನ್ನ ಅನುಭವ

ಚೊಚ್ಚಲು ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬದುಕಿ ಬಂದವಳು ಎರಡನೆಯದನ್ನು ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, ಅದೂ ಆಷಾಢದ ಮಳೆಯಲ್ಲಿ, ಮಾಡಿಸಿಕೊಳ್ಳುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಒಪ್ಪಿದವರು ಒಬ್ಬರೂ ಇರಲಿಲ್ಲ. ಅತ್ತೆಯವರಿಗೆ ಮೈಸೂರು ಬೇಕಿತ್ತು, ನನ್ನ ತಾಯಿಗೆ ಹಾಸನ ಬೇಕಿತ್ತು, ಯಜಮಾನರಿಗೆ ಇಬ್ಬರನ್ನೂ ಎದುರು ಹಾಕಿಕೊಳ್ಳದಿದ್ದರೆ ಸಾಕಿತ್ತು. ಈಗ ಮಗಳಿಗೆ ವರ್ಷ ತುಂಬುತ್ತಾ ಬಂದಿದೆ, ನಾನು ತೋಟದ ಕೆಲಸಕ್ಕೆ ಇಳಿದಿದ್ದೇನೆ, ಅಂದು ತಲೆ ಅಲ್ಲಾಡಿಸಿದವರ ಮನೆಯಿಂದಲೇ ವಿಚಾರಿಸಿಕೊಂಡು ಫೋನು ಬರುತ್ತಿದೆ. ಮೊದಲ ಹೆರಿಗೆಯಲ್ಲಿ ತೊಂದರೆ ಕಂಡವರಿಗೆ ಗರ್ಭಿಣಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡು, ಸ್ಕ್ಯಾನಿಂಗು, ಹಿಮೋಗ್ಲೋಬಿನ್ ಇವುಗಳನ್ನು ವಿವರಿಸಬೇಕಾಗಿಲ್ಲವಾದ್ದರಿಂದ ಜಾಗ ಆರಿಸಿದ ವಿಷಯಕ್ಕೆ ನೇರವಾಗಿ ಬರುತ್ತೇನೆ.

ನಮ್ಮೂರು ಕೊಡಗಿನ ಪುಷ್ಪಗಿರಿ ಬೆಟ್ಟದ ತಪ್ಪಲಿನಲ್ಲಿದೆ. ಮೊದಲ ಹೆರಿಗೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಆಯಿತು. ಮಗು ಚೆನ್ನಾಗಿಯೇ ಹುಟ್ಟಿತು, ಮಾಸೂ ಬಂತು, ಆಮೇಲೆ ಗರ್ಭಕೋಶ ಬಿಗಿಯಲಿಲ್ಲ, ರಕ್ತ ನಿಲ್ಲಲಿಲ್ಲ. ಜೊತೆಗಿದ್ದ ಅಮ್ಮ ಬಟ್ಟೆ ತೋರಿಸಿದಾಗ ‘ಇಷ್ಟು ಎಲ್ಲರಿಗೂ ಹೋಗುತ್ತದೆ’ ಎಂಬ ಉತ್ತರ ಬಂತಂತೆ. ನನ್ನದು ಓ ಪಾಸಿಟಿವ್, ಎಲ್ಲೆಡೆ ಸಿಗುವ ಗುಂಪು, ಆದರೂ ಆ ರಾತ್ರಿ ಆ ಕಟ್ಟಡದಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಆಂಬುಲೆನ್ಸಿನಲ್ಲಿ ಮೈಸೂರು ತಲುಪುವ ಹೊತ್ತಿಗೆ ಹಿಮೋಗ್ಲೋಬಿನ್ ಐದರ ಆಸುಪಾಸಿಗೆ ಇಳಿದಿತ್ತು. ನಾಲ್ಕೋ ಐದೋ ಬಾಟಲಿ ರಕ್ತ, ಕೆಲವು ದಿನ ಐಸಿಯು, ಎಲ್ಲ ಸೇರಿ ಎರಡು ಲಕ್ಷಕ್ಕೂ ಮೇಲೆ ಖರ್ಚು. ಆ ವರ್ಷ ಬೆಲೆ ಬರಲೆಂದು ಮೂಟೆ ಕಟ್ಟಿ ಇಟ್ಟಿದ್ದ ಕರಿಮೆಣಸನ್ನು ಸಿಕ್ಕಿದ ದರಕ್ಕೆ ಕೊಟ್ಟುಬಿಟ್ಟೆವು.

ಎರಡನೆಯ ಬಾರಿ ಮೂರು ತಿಂಗಳು ತುಂಬುವ ಮೊದಲೇ ನಾನು ಮಾಡಿದ ಮೊದಲ ಕೆಲಸ ಹಳೆಯ ದಾಖಲೆಗಳನ್ನು ತರಿಸಿಕೊಂಡದ್ದು. ನರ್ಸಿಂಗ್ ಹೋಮಿನ ಚೀಟಿಯಲ್ಲಿ ರಕ್ತಸ್ರಾವ, ಮುಂದಿನ ಆಸ್ಪತ್ರೆಗೆ ಕಳುಹಿಸಲಾಗಿದೆ ಎಂಬ ಒಂದೂವರೆ ಸಾಲು ಬಿಟ್ಟರೆ ಏನೂ ಇರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯ ವಿವರವಿರುವ ಕೇಸ್ ಶೀಟು ಬೇಕೆಂದು ಕೇಳಿದಾಗ ಮೊದಲು ನಾಳೆ ಬನ್ನಿ ಎಂದರು, ಆಮೇಲೆ ದೊಡ್ಡ ಡಾಕ್ಟರು ಊರಲ್ಲಿಲ್ಲ ಎಂದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ಅದನ್ನು ಉಲ್ಲೇಖಿಸಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಂಡ ಮೇಲೆ ಪ್ರತಿಗಳು ಬಂದವು. ಆ ಹಾಳೆಗಳಲ್ಲಿ ಎರಡು ಸಂಗತಿ ಸಿಕ್ಕವು. ಮಾಸಿನ ಚೂರೇನೂ ಒಳಗೆ ಉಳಿದಿರಲಿಲ್ಲ, ಅಂದರೆ ಗರ್ಭಕೋಶ ಬಿಗಿಯದೆ ಹೋದದ್ದೇ ತೊಂದರೆಯಾಗಿತ್ತು. ಎರಡನೆಯದು, ಗರ್ಭಕೋಶ ಬಿಗಿಸುವ ಕಾರ್ಬೋಪ್ರೋಸ್ಟ್ ಚುಚ್ಚಿದ ಬಳಿಕ ನನಗೆ ಉಬ್ಬಸ ಬಂದಿತ್ತು. ಆಸ್ತಮಾ ಇರುವವರಿಗೆ ಆ ಔಷಧ ಕೊಡಬಾರದು. ನನಗೆ ಮಳೆಗಾಲದಲ್ಲಿ ಸಣ್ಣಗೆ ದಮ್ಮು ಕಟ್ಟುವುದನ್ನು ಆ ಗದ್ದಲದಲ್ಲಿ ಯಾರು ಹೇಳಬೇಕಿತ್ತು? ಈ ಸಲ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಅದನ್ನು ಬರೆಸಿದೆ. ಪ್ರತಿ ತಿಂಗಳ 9ನೇ ತಾರೀಖಿನ ಉಚಿತ ತಪಾಸಣೆಯಲ್ಲಿ ಅಪಾಯದ ಗರ್ಭಿಣಿಯರ ಕಾರ್ಡಿಗೆ ಅಂಟಿಸುವ ಕೆಂಪು ಸ್ಟಿಕ್ಕರ್ ಹೇಗೂ ಇತ್ತು, ಆದರೆ ಅದು ಅಪಾಯವಿದೆ ಎನ್ನುತ್ತದೆಯೇ ಹೊರತು ಏನು ಮಾಡಬಾರದು ಎಂದು ಹೇಳುವುದಿಲ್ಲ.

ಒಮ್ಮೆ ಹೀಗೆ ರಕ್ತ ಹೋದವರಿಗೆ ಮತ್ತೆ ಹೋಗುವ ಸಂಭವ ಉಳಿದವರಿಗಿಂತ ಹೆಚ್ಚು. ಎಲ್ಲವೂ ಸರಿಯಾಗಿ ನಡೆದರೆ ಯಾವ ಆಸ್ಪತ್ರೆಯಾದರೂ ನಡೆಯುತ್ತದೆ. ಆದ್ದರಿಂದ ಮತ್ತೆ ಹೋಗಿಯೇ ಹೋಗುತ್ತದೆ ಎಂದು ಇಟ್ಟುಕೊಂಡು ಜಾಗ ಹುಡುಕಿದೆ. ಹೋದ ಕಡೆಯಲ್ಲೆಲ್ಲ ಕೇಳಿದ್ದು ಒಂದೇ ಪ್ರಸಂಗವನ್ನು: ರಾತ್ರಿ ಎರಡು ಗಂಟೆ, ಹೊರಗೆ ಮಳೆ, ಕರೆಂಟಿಲ್ಲ, ನನಗೆ ರಕ್ತ ಹೋಗುತ್ತಿದೆ, ಈಗ ಇಲ್ಲಿ ಏನೇನು ನಡೆಯುತ್ತದೆ? ರಕ್ತ ಇದೇ ಆವರಣದಲ್ಲಿದೆಯೇ, ಹೊರಗಿನಿಂದ ಬರಬೇಕೇ. ಅರಿವಳಿಕೆ ಡಾಕ್ಟರು ಒಳಗೇ ಇರುತ್ತಾರೆಯೇ, ಫೋನು ಮಾಡಿದರೆ ಬರುತ್ತಾರೆಯೇ. ಕಡೆಗೆ ಗರ್ಭಕೋಶ ತೆಗೆಯುವ ಪ್ರಸಂಗವೇ ಬಂದರೆ ಇಲ್ಲಿಯೇ ತೆಗೆಯುತ್ತಾರೆಯೇ, ಮತ್ತೆ ಆಂಬುಲೆನ್ಸೇ. ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿಸಲು ಕೊಡುವ ಆಕ್ಸಿಟೋಸಿನ್ ಇಡುವ ಫ್ರಿಜ್ಜು ಇನ್ವರ್ಟರಿನ ಮೇಲಿದೆಯೇ ಎಂದು ಕೇಳಿದಾಗ ಒಂದು ಕಡೆ ನಕ್ಕರು. ಆ ಔಷಧವನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ನಮ್ಮ ಕಡೆ ಜುಲೈನಲ್ಲಿ ಕಂಬ ಬಿದ್ದರೆ ಮೂರು ನಾಲ್ಕು ದಿನ ಕರೆಂಟು ಬರುವುದಿಲ್ಲ. ನಕ್ಕವರ ಹೆಸರಿನ ಮೇಲೆ ಅಂದೇ ಗೀಟು ಎಳೆದೆ.

ಈ ಪ್ರಶ್ನೆಗಳನ್ನು ಕೌಂಟರಿನಲ್ಲಿ ಕೇಳಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲಕ್ಕೂ ‘ಇದೆ’ ಎನ್ನುತ್ತಾರೆ. ಹೆರಿಗೆ ಕೋಣೆಯ ಸಿಸ್ಟರುಗಳು ಮತ್ತು ಆಯಾಗಳು ಹೇಳುವುದು ಸತ್ಯ. ರಾತ್ರಿ ಪಾಳಿಯ ನಿಜಸ್ಥಿತಿಯನ್ನು ನಾನು ಯಾರಿಂದ, ಹೇಗೆ ತಿಳಿದುಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಬಾಗಿಲು ನಿಮಗೂ ಮುಚ್ಚುತ್ತದೆ, ಅವರಿಗೂ ತೊಂದರೆ.

ಹತ್ತಿರದಲ್ಲಿದ್ದ ಒಂದು ಆಸ್ಪತ್ರೆಯಲ್ಲಿ ಸಿಸ್ಟರುಗಳು ಬಹಳ ಅನುಭವಸ್ಥರು, ಸಾದಾ ಹೆರಿಗೆಯಾಗಿದ್ದರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗುತ್ತಿದ್ದೆ. ಆದರೆ ರಾತ್ರಿ ರಕ್ತ ಹೊರಗಿನಿಂದ ಬರಬೇಕಿತ್ತು. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೇಳಿದ್ದೆಲ್ಲವೂ ಇತ್ತು, ಡಾಕ್ಟರು ತಾಳ್ಮೆಯಿಂದ ಕೂತು ಮಾತಾಡಿದರು. ದೂರದಿಂದ ಬರುವವರಾದ್ದರಿಂದ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡೋಣ, ಒಂದು ಲಕ್ಷದ ಮೇಲೆ ಸ್ವಲ್ಪ ಆಗುತ್ತದೆ ಎಂದರು. ಹಣವನ್ನು ಹೇಗಾದರೂ ಹೊಂದಿಸಬಹುದಿತ್ತು. ಆದರೆ ಸಿಸೇರಿಯನ್ನಿನಲ್ಲಿ ಸಾಮಾನ್ಯವಾಗಿ ರಕ್ತ ಹೆಚ್ಚೇ ಹೋಗುತ್ತದೆ, ಹೊಟ್ಟೆ ಕೊಯ್ದ ಮಾತ್ರಕ್ಕೆ ಗರ್ಭಕೋಶ ಬಿಗಿಯುತ್ತದೆ ಎಂಬ ಭರವಸೆಯೂ ಇಲ್ಲ. ದಾರಿ ದೂರ ಎಂಬ ಕಾರಣಕ್ಕೆ ಕೊಯ್ಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಸಹಜ ಹೆರಿಗೆಗಾಗಿ ಮೈಸೂರಿನಲ್ಲೇ ಒಂದು ತಿಂಗಳು ಕೂರೋಣವೆಂದರೆ ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ನೆಂಟರ ಮನೆಯಲ್ಲಿರಬೇಕು. ಊರಿಂದಲೇ ಹೊರಡೋಣವೆಂದರೆ ಎರಡನೆಯ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ನಮಗೆ ಮೈಸೂರು ಮೂರು ಗಂಟೆಯ ದಾರಿ. ಹಾಸನದ ಲೆಕ್ಕವೂ ದಾರಿಯ ವಿಷಯದಲ್ಲಿಯೇ ಸೋತಿತು. ಊರಿನ ಅಜ್ಜಿಯೊಬ್ಬರು ಮನೆಯಲ್ಲೇ ಆಗಲಿ, ನಾನು ನೋಡಿಕೊಳ್ಳುತ್ತೇನೆ ಎಂದರು. ಅವರ ಕೈಗುಣದ ಮೇಲೆ ಗೌರವವಿದೆ, ಆದರೆ ಕೈಗುಣಕ್ಕೆ ರಕ್ತ ಏರಿಸಲು ಬರುವುದಿಲ್ಲ.

ಉಳಿದದ್ದು ಮಡಿಕೇರಿ. 2016ರಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೆ ಜಿಲ್ಲಾ ಆಸ್ಪತ್ರೆ ಅದರ ಅಂಗವಾಗಿದೆ, ರಕ್ತನಿಧಿ ಇದೆ, ರಾತ್ರಿಯೂ ಒಳಗೆ ಡಾಕ್ಟರುಗಳಿರುತ್ತಾರೆ. ಜನ ನೂಕುನುಗ್ಗಲು, ವಾರ್ಡಿನಲ್ಲಿ ಸದ್ದು, ಶೌಚಾಲಯಕ್ಕೆ ಸಾಲು, ಇವೆಲ್ಲ ಇದ್ದದ್ದೇ. ತೋಟ ಇಟ್ಟುಕೊಂಡವರು ಸರ್ಕಾರಿ ಆಸ್ಪತ್ರೆಗೆ ಹೋಗುವುದೇ ಎಂದು ಅತ್ತೆಯವರ ತಮ್ಮ ಕೇಳಿದ್ದಕ್ಕೆ ಕಳೆದ ಸಲದ ಬಿಲ್ಲನ್ನು ತಂದು ಅವರ ಮುಂದಿಟ್ಟೆ.

ದಾರಿಯ ಪ್ರಶ್ನೆ ಮಾತ್ರ ಉಳಿದಿತ್ತು. ಸೋಮವಾರಪೇಟೆಯಿಂದ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರಿನ ಮೂಲಕ ಹೋಗುವ ರಸ್ತೆಯೇ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಹೋದ ರಸ್ತೆ. ಅದು ಬಿಟ್ಟರೆ ಸುಂಟಿಕೊಪ್ಪದ ಮೇಲೆ ಹೋಗಬೇಕು. ಮೇ ಕೊನೆಯಲ್ಲಿ ಯಜಮಾನರು ಎರಡೂ ದಾರಿಯಲ್ಲಿ ಹಗಲೂ ರಾತ್ರಿಯೂ ಜೀಪು ಓಡಿಸಿ ನೋಡಿದರು. ಒಳ್ಳೆಯ ಹವೆಯಲ್ಲಿ ಒಂದೂವರೆ ಗಂಟೆ ಆದದ್ದು ಮೊದಲ ದೊಡ್ಡ ಮಳೆಯ ರಾತ್ರಿ ಎರಡೂವರೆಯಾಯಿತು, ನಡುವೆ ಅಡ್ಡ ಬಿದ್ದ ಮರವನ್ನು ಊರವರು ಕಡಿದು ದಾರಿ ಬಿಡಿಸಬೇಕಾಯಿತು. ನೋವು ಬಂದ ಮೇಲೆ ಹೊರಡುವ ಮಾತನ್ನು ಅಲ್ಲಿಗೆ ಬಿಟ್ಟೆವು. ಮೂವತ್ತೇಳನೆಯ ವಾರಕ್ಕೆ ಮಡಿಕೇರಿಗೇ ಹೋಗಿ ಇರುವುದೆಂದು ತೀರ್ಮಾನವಾಯಿತು. ಆಸ್ಪತ್ರೆಯಿಂದ ಆಟೋದಲ್ಲಿ ಐದು ನಿಮಿಷದ ಒಂದು ಹೋಂಸ್ಟೇ ಮಳೆಗಾಲದಲ್ಲಿ ಖಾಲಿ ಬಿದ್ದಿತ್ತು. ದಿನದ ಲೆಕ್ಕದಲ್ಲಿ ಎರಡು ಸಾವಿರ ಕೇಳುವ ಕೋಣೆಯನ್ನು ಒಲೆ ಸಮೇತ ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರಕ್ಕೆ ಕೊಟ್ಟರು. ಪ್ರವಾಸಿಗರ ಊರು ಎಂದು ನಾವು ಬಯ್ಯುವ ಮಡಿಕೇರಿಯಿಂದ ಆದ ಉಪಕಾರವೂ ಇದೇ.

ಆ ಮೊದಲೇ ಹಿಮೋಗ್ಲೋಬಿನ್ ಏರಿಸುವ ಕೆಲಸ ನಡೆದಿತ್ತು. ಅದರಲ್ಲಿ ಮೊದಲು ಸೋತದ್ದೇ ಹೆಚ್ಚು. ಕಬ್ಬಿಣಾಂಶದ ಮಾತ್ರೆ ನುಂಗಿದರೂ ಬಸಿರಿಗೆ ಆರು ತಿಂಗಳಾದಾಗ ಒಂಬತ್ತರ ಕೆಳಗೇ ಇತ್ತು. ನುಗ್ಗೆಸೊಪ್ಪು, ರಾಗಿ, ಖರ್ಜೂರ ಎಲ್ಲ ಆದವು, ಅಂಕಿ ಅಲುಗಲಿಲ್ಲ. ಕಾಫಿ ಬೆಳೆಯುವ ಮನೆಯಲ್ಲಿ ಊಟವಾದ ಕೂಡಲೇ ಲೋಟ ಕೈಗೆ ಬರುತ್ತದೆ, ಕಾಫಿ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ; ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇಟ್ಟ ಮೇಲೆ ಸ್ವಲ್ಪ ಚಲಿಸಿತು. ನಿಜವಾಗಿ ಏರಿದ್ದು ಕಬ್ಬಿಣಾಂಶದ ಔಷಧವಾದ ಐರನ್ ಸುಕ್ರೋಸನ್ನು ಡ್ರಿಪ್ಪಿನಲ್ಲಿ ದಿನ ಬಿಟ್ಟು ದಿನ ಹಾಕಿಸಿಕೊಂಡಾಗ. ತಿಂಗಳು ತುಂಬುವ ಹೊತ್ತಿಗೆ ಹನ್ನೊಂದು ದಾಟಿತ್ತು. ಇದಕ್ಕೂ ಜಾಗದ ಆಯ್ಕೆಗೂ ಸಂಬಂಧವಿದೆ: ಹನ್ನೊಂದು ಇರುವವಳಿಗೆ ಅರ್ಧ ಲೀಟರು ಹೋದರೆ ಡಾಕ್ಟರಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ, ಎಂಟು ಇರುವವಳಿಗೆ ಅದೇ ಆಸ್ಪತ್ರೆಯಲ್ಲಿ ಆ ಸಮಯ ಸಿಗುವುದಿಲ್ಲ.

ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಸಹಜ ಹೆರಿಗೆಯಲ್ಲಿ ಅರ್ಧ ಲೀಟರು ದಾಟಿದರೆ ಅಪಾಯವೆಂದು ಎಲ್ಲರೂ ಓದಿರುತ್ತೇವೆ, ಬಟ್ಟೆಯ ಮೇಲೆ ಅರ್ಧ ಲೀಟರು ಎಷ್ಟು ಕಾಣುತ್ತದೆಂದು ಯಾರೂ ನೋಡಿರುವುದಿಲ್ಲ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಿಂದಿನ ಜಗುಲಿಗೆ ತಂದು, ಕುಂಕುಮ ಕದಡಿದ ನೀರನ್ನು ಅಳೆದು ಅಳೆದು ಹಳೆಯ ಪಂಚೆಯ ತುಂಡುಗಳ ಮೇಲೆ ಸುರಿದೆ. ನಾನು ಕಾಲು ಲೀಟರು ಇರಬಹುದೆಂದು ಅಂದಾಜಿಸಿದ ಬಟ್ಟೆಯಲ್ಲಿ ನಿಜಕ್ಕೂ ಅರ್ಧ ಲೀಟರಿನಷ್ಟಿತ್ತು. ಅತ್ತೆಯವರ ಅಂದಾಜು ಇನ್ನೂ ಕಡಿಮೆ ಬಂತು. ಅಂದಿನಿಂದ ಅವರು ನನ್ನ ಕಡೆಗೆ ವಾಲಿದರು. ಒಂದು ಮಿಲಿಲೀಟರು ರಕ್ತ ಸುಮಾರು ಒಂದು ಗ್ರಾಂ ತೂಗುತ್ತದೆ, ಆದ್ದರಿಂದ ಒಣ ತೂಕ ಬರೆದಿಟ್ಟ ಬಟ್ಟೆಗಳನ್ನೂ ಆ ತಕ್ಕಡಿಯನ್ನೂ ಆಸ್ಪತ್ರೆಯ ಚೀಲದಲ್ಲಿ ಹಾಕಿಕೊಂಡೆವು.

ರಕ್ತನಿಧಿ ಇದೆಯೆಂದು ಸುಮ್ಮನೆ ಕೂರುವಂತಿಲ್ಲ, ನಮ್ಮ ಗುಂಪಿನ ಬಾಟಲಿ ಅಂದು ಖಾಲಿಯಾಗಿರಬಹುದು. ಬಾಟಲಿಯ ರಕ್ತ ನಮ್ಮದಕ್ಕೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆಗೂ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ, ಆದ್ದರಿಂದ ದಾಖಲಾದ ಕೂಡಲೇ ಸ್ಯಾಂಪಲ್ ಕಳುಹಿಸಲು ಮೊದಲೇ ಮಾತಾಡಿಕೊಂಡಿದ್ದೆ. ಮಡಿಕೇರಿಯಲ್ಲೇ ವಾಸವಿರುವ ಆರೇಳು ಜನ ದಾನಿಗಳ ಪಟ್ಟಿಯೂ ಇತ್ತು. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು ಮತ್ತೆ ಕೊಡುವಂತಿಲ್ಲ. ನನ್ನ ದಿನಕ್ಕಿಂತ ಮುಂಚೆ ಯಾವ ಶಿಬಿರಕ್ಕೂ ಹೋಗಬೇಡಿ ಎಂದು ಅವರಲ್ಲಿ ಕೇಳಿಕೊಂಡಿದ್ದೆ. ಈ ಪಟ್ಟಿಯನ್ನು ಬೇಗ ಕೂಡಿಸಲು ಒಂದು ಉಪಾಯವಿದೆ, ಮುಖತಃ ಕೇಳಿದವರಿಗೆ ಹೇಳುತ್ತೇನೆ.

ಜುಲೈ ನಡುವಿನಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ನೋವು ಶುರುವಾಯಿತು, ಅರ್ಧ ಗಂಟೆಯೊಳಗೆ ವಾರ್ಡಿನಲ್ಲಿದ್ದೆ, ಮೂರು ಗಂಟೆಗೆ ಮಗಳು ಹುಟ್ಟಿದಳು. ಆ ವಾರ ನಮ್ಮೂರಿನ ದಾರಿಯಲ್ಲಿ ಎರಡು ಕಡೆ ಮಣ್ಣು ಜಾರಿತ್ತು. ಮಗು ಬಂದ ಕೂಡಲೇ ಆಕ್ಸಿಟೋಸಿನ್ ಕೊಟ್ಟರು, ಆದರೂ ನಾನು ಇಟ್ಟುಕೊಂಡಿದ್ದ ಲೆಕ್ಕದಂತೆಯೇ ರಕ್ತ ಹೋಗತೊಡಗಿತು. ತಕ್ಕಡಿಯನ್ನು ಕಂಡು ಮೊದಲು ಮುಗುಳ್ನಕ್ಕ ಸಿಸ್ಟರು ನಾನೂರು ಮಿಲಿಲೀಟರು ದಾಟಿದ್ದನ್ನು ನೋಡಿ ತಾವೇ ಡಾಕ್ಟರನ್ನು ಕೂಗಿದರು. ಹೊಟ್ಟೆಯ ಮೇಲೆ ಒತ್ತಿ ತಿಕ್ಕಿದರು, ಇನ್ನೊಂದು ಡ್ರಿಪ್ಪು ಏರಿತು, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ ಒಂದು ಗ್ರಾಂ ಕೊಟ್ಟರು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಅದರಿಂದ ಪ್ರಯೋಜನ. ಕಾರ್ಬೋಪ್ರೋಸ್ಟಿನ ತಂಟೆಗೆ ಯಾರೂ ಹೋಗಲಿಲ್ಲ, ಕೆಂಪು ಶಾಯಿ ಕೆಲಸ ಮಾಡಿತ್ತು. ಏಳುನೂರರ ಹತ್ತಿರ ನಿಂತಿತು. ಹೊಂದಾಣಿಕೆಯಾಗಿ ಕಾದಿದ್ದ ಎರಡು ಬಾಟಲಿಗಳಲ್ಲಿ ಒಂದನ್ನೂ ಏರಿಸಬೇಕಾಗಲಿಲ್ಲ, ಮರುದಿನ ಹಿಮೋಗ್ಲೋಬಿನ್ ಒಂಬತ್ತರ ಮೇಲಿತ್ತು.

ಖರ್ಚಿನಲ್ಲಿ ಕೋಣೆಯ ಬಾಡಿಗೆ, ಖಾಸಗಿಯಾಗಿ ಮಾಡಿಸಿದ ಎರಡು ಸ್ಕ್ಯಾನಿಂಗು, ಜೀಪಿನ ಡೀಸೆಲ್ಲು, ಜೊತೆಗಿದ್ದವರ ಊಟ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಒಳಗೆ ಮುಗಿಯಿತು. ಸರ್ಕಾರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಔಷಧ, ನನ್ನ ಊಟಕ್ಕೆ ಹಣ ಕೊಡಬೇಕಾಗಲಿಲ್ಲ, ಮಣ್ಣು ತೆಗೆದ ಮೇಲೆ ಬಾಣಂತಿಯರನ್ನು ಮನೆಗೆ ಬಿಡುವ ನಗು-ಮಗು ವಾಹನದಲ್ಲಿ ಊರಿಗೆ ಬಿಟ್ಟರು. ಪಟ್ಟಿಯಲ್ಲಿದ್ದವರಲ್ಲಿ ಮೂವರು ಆ ತಿಂಗಳೇ ರಕ್ತನಿಧಿಗೆ ಹೋಗಿ ಕೊಟ್ಟು ಬಂದರು.

ಈಗ ಕೇಳುತ್ತಿರುವವರಲ್ಲಿ ನಾದಿನಿಯೊಬ್ಬಳು ಕೊಡಗಿನ ದಕ್ಷಿಣ ತುದಿಯ ಕುಟ್ಟದ ಕಡೆಯವಳು. ಅವಳಿಗೆ ನನ್ನ ಉತ್ತರ ಹೊಂದುವುದಿಲ್ಲ, ನನ್ನ ಪ್ರಶ್ನೆಗಳು ಮಾತ್ರ ಹೊಂದುತ್ತವೆ. ಅಲ್ಲಿಂದ ಮೈಸೂರಿಗೆ ನಾಗರಹೊಳೆ ಕಾಡಿನೊಳಗಿನ ದಾರಿ ರಾತ್ರಿ ಮುಚ್ಚಿರುತ್ತದೆ, ಗೋಣಿಕೊಪ್ಪಲು ಸುತ್ತಿ ಬರಬೇಕು, ಅಲ್ಲಿಂದ ಮುಂದೆ ತಿತಿಮತಿಯ ಮೇಲೆ ಹುಣಸೂರು ದಾರಿ ಹಿಡಿದರೆ ಆನೆಯ ಕಾಟ. ಅವಳಿಗೆ ಮಡಿಕೇರಿಗಿಂತ ಮೈಸೂರಿನಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆಯಾದ ಚೆಲುವಾಂಬದ ಹತ್ತಿರ ಒಂದು ತಿಂಗಳು ಕೋಣೆ ಹಿಡಿಯುವುದೇ ಸುಲಭವಾಗಬಹುದು. ಅವಳ ದಿನ ಬರುವುದು ಫೆಬ್ರುವರಿಯಲ್ಲಿ, ಮಳೆಯ ಚಿಂತೆಯಿಲ್ಲ. ಹಳೆಯ ಕೇಸ್ ಶೀಟಿಗೆ ಅರ್ಜಿ ಕೊಟ್ಟಿದ್ದಾಳೆ, ತಕ್ಕಡಿಯನ್ನು ನಾನು ಕಳುಹಿಸಿದ್ದೇನೆ.